ಮೊದಲ ನೌಕರನನ್ನು ಆರಿಸುವ ಮುನ್ನ

ಮಕ್ಕಳು ಓದು ಮುಗಿಸಿ ಸರಕಾರದ ನೌಕರಿಯನ್ನೋ ಬ್ಯಾಂಕಿನ ನೌಕರಿಯನ್ನೋ ಹಿಡಿದರೆ ಮನೆಯ ಹಿರಿಯರು ನೆಮ್ಮದಿಯಿಂದ ನಿದ್ರಿಸುತ್ತಿದ್ದ ಕಾಲವೊಂದಿತ್ತು. ಇಂದು ಅನೇಕ ಮನೆಗಳಲ್ಲಿ ಮಕ್ಕಳು, ‘ನಾವೇ ಒಂದು ಕಂಪನಿ ಕಟ್ಟುತ್ತೇವೆ, ನಾಲ್ಕು ಜನಕ್ಕೆ ನಾವೇ ಕೆಲಸ ಕೊಡುತ್ತೇವೆ’ ಎನ್ನುತ್ತಿದ್ದಾರೆ. 2016ರ ಜನವರಿ 16ರಂದು ಕೇಂದ್ರ ಸರಕಾರವು ಸ್ಟಾರ್ಟ್‌ಅಪ್ ಇಂಡಿಯಾ ಯೋಜನೆಯನ್ನು ಆರಂಭಿಸಿದ ಮೇಲಂತೂ ಈ ಮಾತು ಬೆಂಗಳೂರನ್ನು ದಾಟಿ ನಮ್ಮ ಮಂಗಳೂರಿನಂಥ ನಗರಗಳ ಮನೆಮಾತಾಗಿದೆ. ಇಂಥ ನವೋದ್ಯಮವೊಂದರ ಆರಂಭದಲ್ಲಿ ನಾವು ಹಿರಿತನದ ಸಲಿಗೆಯಿಂದ ಒಂದು ಸಲಹೆ ಕೊಟ್ಟೆವು. ಆ ಸಲಹೆ ತಪ್ಪಾಯಿತು. ಅದರಿಂದ ಒಬ್ಬ ಸಜ್ಜನ ತರುಣನು ನೊಂದನು. ನಮ್ಮ ಓದುಗ ಬಂಧುಗಳ ಮನೆಗಳಲ್ಲಿ ಇಂಥ ಪ್ರಸಂಗ ಒದಗಿದಾಗ ನೆರವಾದೀತೆಂದು ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ನಾವು ಘಟ್ಟದ ಮೇಲಿನವರು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತ, ಕನ್ನಡಗಳನ್ನು ಓದಿ, ಅಧ್ಯಾಪನ ವೃತ್ತಿಯ ನಿಮಿತ್ತ ಮಂಗಳೂರಿಗೆ ಇಳಿದು ಬಂದು, ಇಲ್ಲಿಯೇ ನೆಲೆ ನಿಂತೆವು. ನಮ್ಮ ತಂಗಿಯ ಮಗನು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಮನೆಯಲ್ಲಿಯೇ ಇದ್ದನು. ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದು, 2021ರಲ್ಲಿ ಮರಳಿ ಬಂದು, ಸಹಪಾಠಿಯೊಬ್ಬನೊಡನೆ ಸೇರಿ ಬಿಜೈ ಬಳಿಯ ಒಂದು ಮಾಳಿಗೆಯಲ್ಲಿ ಎರಡು ಕೋಣೆಗಳನ್ನು ಹಿಡಿದು ಕಂಪನಿ ತೆರೆದನು. ಸಣ್ಣ ಪತ್ತಿನ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ದಿನವೂ ಅಂಗಡಿ ಅಂಗಡಿಗೆ ಹೋಗಿ ಪಡೆಯುವ ಹಣವನ್ನು ಮೊಬೈಲ್ ಫೋನಿನಲ್ಲಿಯೇ ದಾಖಲಿಸಿ, ಆ ಲೆಕ್ಕವನ್ನು ಸಂಘದ ಕಚೇರಿಗೆ ಮುಟ್ಟಿಸುವ ತಂತ್ರಾಂಶ ಅವರದು. ಮೊದಲ ಒಂದು ವರ್ಷದಲ್ಲಿ ಈ ಇಬ್ಬರೂ ತಾವೇ ಬಂಟ್ವಾಳ, ಪುತ್ತೂರು, ಮೂಡುಬಿದಿರೆಗಳ ಕಡೆಗೆ ಬಸ್ಸಿನಲ್ಲಿ ಅಲೆದು ಒಂಬತ್ತು ಸಂಘಗಳನ್ನು ಒಪ್ಪಿಸಿದ್ದರು. ಅನಂತರ ಎಣಿಕೆ ಮುಂದೆ ಸರಿಯಲಿಲ್ಲ.

2022ರ ಶ್ರಾವಣ ಮಾಸದ ಒಂದು ಸಂಜೆ ಆತನು ನಮ್ಮಲ್ಲಿಗೆ ಬಂದು, ‘ಮಾವಾ, ನಮಗೆ ಮಾರ್ಕೆಟಿಂಗಿಗೆ ಒಬ್ಬರು ಬೇಕು. ತಂತ್ರಾಂಶ ಬರೆಯುವವರು ನಾವಿದ್ದೇವೆ, ಹೆಸರು ಹರಡುವವರಿಲ್ಲ’ ಎಂದನು. ಮಾರ್ಕೆಟಿಂಗ್ ಎಂದರೆ ಸಭೆಯನ್ನು ಗೆಲ್ಲುವ ಮಾತುಗಾರಿಕೆ ಎಂದೇ ನಾವು ತಿಳಿದಿದ್ದೆವು. ನಮ್ಮ ಹಳೆಯ ಶಿಷ್ಯರೊಬ್ಬರ ಮಗನು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನಗಳನ್ನು ಗೆದ್ದವನು, ವ್ಯವಹಾರ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು, ಆಗ ನೌಕರಿಯನ್ನು ಅರಸುತ್ತಿದ್ದವನು. ನಾವು ಕ್ಷಣವೂ ಯೋಚಿಸದೆ ಆತನ ಹೆಸರನ್ನು ಹೇಳಿದೆವು. ಮಾವನ ಮಾತೆಂದು ಸೋದರಳಿಯನೂ ಹೆಚ್ಚು ವಿಚಾರಿಸಲಿಲ್ಲ, ಗುರುಗಳ ಮಾತೆಂದು ಆ ತರುಣನೂ ಏನನ್ನೂ ಕೇಳಲಿಲ್ಲ. ಒಂದು ವಾರದಲ್ಲಿ ಆತನು ಆ ಕಂಪನಿಯ ಮೊದಲ ಮಾರ್ಕೆಟಿಂಗ್ ನೌಕರನಾದನು. ಅವನ ತಾಯಿ ನಮ್ಮ ಮನೆಗೆ ಹೋಳಿಗೆ ಕಳುಹಿಸಿದರು.

ಆರು ತಿಂಗಳು ಆತನು ನಿಷ್ಠೆಯಿಂದಲೇ ದುಡಿದನೆಂಬುದನ್ನು ಮೊದಲೇ ಹೇಳಬೇಕು. ಕಂಪನಿಗೆ ಅಂದವಾದ ಲಾಂಛನ ಬರೆಯಿಸಿದನು, ಕರಪತ್ರ ಮುದ್ರಿಸಿದನು, ಫೇಸ್‌ಬುಕ್ಕಿನಲ್ಲಿ ಪುಟ ತೆರೆದನು, ತಾನೇ ಮಾತನಾಡಿದ ಸಣ್ಣ ಸಣ್ಣ ಚಿತ್ರಗಳನ್ನು ಹಾಕಿದನು. ಸಾವಿರಾರು ಜನ ನೋಡಿದರೆಂದು ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಿದ್ದನು. ಸಂಘಗಳು ಮಾತ್ರ ಒಂಬತ್ತರಲ್ಲಿಯೇ ಉಳಿದವು. ಇದ್ದವುಗಳಲ್ಲಿ ಒಂದು ಬಿಟ್ಟೂ ಹೋಯಿತು. ಕೈಯಲ್ಲಿದ್ದ ಹಣ ಕರಗುತ್ತಿತ್ತು. 2023ರ ಆರಂಭದಲ್ಲಿ ಒಂದು ದಿನ ಮಧ್ಯಾಹ್ನ ಆತನನ್ನು ಕರೆದು, ಹತ್ತು ನಿಮಿಷದಲ್ಲಿ ಮಾತು ಮುಗಿಸಿ, ತಿಂಗಳ ಸಂಬಳ ಕೈಗಿಟ್ಟು ಕಳುಹಿಸಿಬಿಟ್ಟರು.

ಆ ಸಂಜೆ ಆತನು ನೇರವಾಗಿ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕುಳಿತನು. ಒಳಗೆ ಬಾ ಎಂದರೂ ಬರಲಿಲ್ಲ. ‘ನಾನು ಎಲ್ಲಿ ತಪ್ಪಿದೆ ಎಂಬುದನ್ನು ಅವರು ಹೇಳಲಿಲ್ಲ ಗುರುಗಳೇ. ಅವರಿಗೂ ಗೊತ್ತಿರಲಿಲ್ಲವೆಂದು ತೋರುತ್ತದೆ’ ಎಂದನು. ಅವನ ತಂದೆ ಮುಂದಿನ ಎರಡು ತಿಂಗಳು ನಮ್ಮೊಡನೆ ಮಾತನಾಡಲಿಲ್ಲ. ನಮಗೆ ಆ ಮೌನವೇ ತಕ್ಕ ದಂಡನೆಯೆನಿಸಿತು.

ಕೋಪ ತಣಿದ ಮೇಲೆ ನಾವು ಸೋದರಳಿಯನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆವು: ‘ಬಿಟ್ಟುಹೋದ ಆ ಸಂಘವು ಏಕೆ ಬಿಟ್ಟುಹೋಯಿತು?’ ಆತನಿಗೆ ತಿಳಿದಿರಲಿಲ್ಲ. ‘ಹೊಸ ಸಂಘಗಳು ಏಕೆ ಬರುತ್ತಿಲ್ಲ?’ ಅದೂ ತಿಳಿದಿರಲಿಲ್ಲ. ನೌಕರನು ಬಂದ ದಿನದಿಂದ ಈ ಇಬ್ಬರು ಯಜಮಾನರೂ ಜನರ ಬಾಗಿಲಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟಿದ್ದರು. ‘ಅದು ಅವನ ಕೆಲಸ’ ಎಂದು ಇವರು ತಿಳಿದರು. ‘ಹೆಸರು ಹರಡುವುದಷ್ಟೇ ನನ್ನ ಕೆಲಸ’ ಎಂದು ಅವನು ತಿಳಿದನು. ನಡುವೆ ಸಂಗ್ರಾಹಕರ ಮಾತನ್ನು ಕೇಳುವವರೇ ಇಲ್ಲದಂತಾಯಿತು.

ಆಗ ನಮಗೆ ನಮ್ಮ ಪಾಠಶಾಲೆಯ ದಿನಗಳು ನೆನಪಾದವು. ಸುಗ್ಗಿಯ ಕಾಲದಲ್ಲಿ ಮಠದ ದಾಸೋಹಕ್ಕೆ ಕಾಳುಕಡಿ ಕೂಡಿಸಲು ಹಿರಿಯರೊಬ್ಬರು ಹಳ್ಳಿಗಳಿಗೆ ಹೋಗುತ್ತಿದ್ದರು. ಚೀಲ ಹೊರಲು ನಾವು ಹುಡುಗರು ಹಿಂದೆ ಇರುತ್ತಿದ್ದೆವು. ಅವರು ಯಾವ ಮನೆಯ ಮುಂದೆಯೂ ಮೊದಲು ಕಾಳಿನ ಮಾತೆತ್ತುತ್ತಿರಲಿಲ್ಲ. ಮಳೆ ಹೇಗಾಯಿತು, ಎತ್ತು ಹೇಗಿದೆ, ಮಗಳು ತವರಿಗೆ ಬಂದಳೇ ಎಂದು ವಿಚಾರಿಸುತ್ತಿದ್ದರು. ಮಠಕ್ಕೆ ಮರಳಿದ ಮೇಲೆ ಎಷ್ಟು ಚೀಲವಾಯಿತೆಂಬ ಲೆಕ್ಕದ ಜೊತೆಗೆ, ಯಾವ ಮನೆಯಲ್ಲಿ ಈ ವರ್ಷ ಕಷ್ಟವಿದೆ ಎಂಬ ಲೆಕ್ಕವನ್ನೂ ಒಪ್ಪಿಸುತ್ತಿದ್ದರು. ಅಂಥ ಮನೆಗೆ ಮಠದಿಂದಲೇ ಒಂದು ಚೀಲ ಹೋಗುತ್ತಿತ್ತು. ಆ ಹಿರಿಯರು ದೊಡ್ಡ ಮಾತುಗಾರರಲ್ಲ, ಸ್ವಲ್ಪ ತೊದಲುವವರು. ಆದರೂ ಅವರು ಹೋದ ಊರುಗಳಿಂದ ಬಂಡಿ ಬರಿದಾಗಿ ಬರುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡಿದ್ದ ನಾವೇ ಒಬ್ಬ ತರುಣನನ್ನು ಅವನ ವಾಗ್ವೈಖರಿಗಾಗಿ ಶಿಫಾರಸು ಮಾಡಿದ್ದೆವು!

ಈ ಕೆಲಸದ ಅತ್ಯುತ್ತಮ ಪಾಠವು ನಮ್ಮ ಕರಾವಳಿಯಲ್ಲಿಯೇ ಇದೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ವೈದ್ಯರಾಗಿದ್ದ ಟಿ.ಎಂ.ಎ. ಪೈಯವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಕಟ್ಟಿದರು. ಕೈಮಗ್ಗದ ನೇಕಾರರ ಸಂಕಷ್ಟವನ್ನು ಕಂಡು ಹುಟ್ಟಿದ ಸಂಸ್ಥೆಯದು. ದಿನಗೂಲಿಯವನು, ನೇಕಾರ, ಸಣ್ಣ ಅಂಗಡಿಯವನು ಬ್ಯಾಂಕಿನ ಮೆಟ್ಟಿಲನ್ನೇ ಹತ್ತುವವರಲ್ಲ. ಹತ್ತಿದರೂ ಅವರ ಕೈಯಲ್ಲಿ ಉಳಿಯುತ್ತಿದ್ದುದು ಆಣೆಗಳ ಲೆಕ್ಕದ ಹಣ. ಆದುದರಿಂದ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಆರಂಭವಾಯಿತು. ಬ್ಯಾಂಕಿನ ಪ್ರತಿನಿಧಿಯೇ ದಿನವೂ ಮನೆಯ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರುವ ಏರ್ಪಾಡು ಅದು. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶದಲ್ಲೆಲ್ಲ ಹೆಸರಾಗಿ, 2020ರ ಏಪ್ರಿಲ್ 1ರಂದು, 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಇದೇ ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ‘ಪಿಗ್ಮಿ’ ಎಂಬ ಶಬ್ದವು ಇಂದಿಗೂ ನಮ್ಮ ನಾಡಿನ ಸಣ್ಣ ಸಣ್ಣ ಸಂಘಗಳಲ್ಲಿ ಬದುಕಿದೆ. ನಮ್ಮ ಸೋದರಳಿಯನ ತಂತ್ರಾಂಶಕ್ಕೂ ಅದೇ ಆಧಾರ.

ದಿನವೂ ಬಾಗಿಲಿಗೆ ಹೋಗುವವನಿಗೆ ಹಣದ ಜೊತೆಗೆ ಸುದ್ದಿಯೂ ದೊರೆಯುತ್ತದೆ. ಯಾವ ಬೀದಿಯಲ್ಲಿ ವ್ಯಾಪಾರ ಕುಸಿದಿದೆ, ಯಾರು ನಂಬಿಗಸ್ತರು, ಯಾರಿಗೆ ಸಾಲದ ಅಗತ್ಯ ಬೀಳಲಿದೆ ಎಂಬುದು ಅವನಿಗೆ ತಿಳಿಯುತ್ತದೆ. ಮಾರ್ಕೆಟಿಂಗ್ ಎಂಬುದರ ಅರ್ಥವನ್ನು ನಾವು ಈಗ ಹೀಗೆ ತಿಳಿದುಕೊಂಡಿದ್ದೇವೆ: ನಮ್ಮ ವಸ್ತು ಯಾರಿಗೆ ಬೇಕು, ಅವರು ತಮ್ಮ ಕಷ್ಟವನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ, ಯಾರು ಹೇಳಿದರೆ ನಂಬುತ್ತಾರೆ ಎಂಬುದನ್ನು ಅರಿತು ಬಂದು ಯಜಮಾನರಿಗೆ ತಿಳಿಸುವುದು, ಅನಂತರ ಅವರದೇ ಮಾತಿನಲ್ಲಿ ನಮ್ಮ ವಸ್ತುವಿನ ವಿಷಯವನ್ನು ಅವರಿಗೆ ಮುಟ್ಟಿಸುವುದು. ಕುಳಿತು ಬೆಲೆ ಕುದುರಿಸಿ ಒಪ್ಪಂದಕ್ಕೆ ಸಹಿ ಪಡೆಯುವ ಮಾರಾಟದ ಕೆಲಸವು ಅದರ ಮುಂದಿನದು.

ಹೊರಗಿನ ಪ್ರಪಂಚದಲ್ಲಿಯೂ ಇದೇ ಕ್ರಮ ಕಾಣುತ್ತದೆ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ತಾವೇ ತಯಾರಿಸಿದ ನಿರ್ಮಾ ಪುಡಿಯನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದರು. ಆ ಪುಡಿಯ ಹಾಡು ರೇಡಿಯೊ, ದೂರದರ್ಶನಗಳಲ್ಲಿ ಕೇಳಿಬಂದದ್ದು ಅನಂತರದ ಸಂಗತಿ. ಪರಸ್ಥಳದಲ್ಲಿ ತಂಗಲು ಮನೆಗಳನ್ನು ಒದಗಿಸುವ ಅಮೆರಿಕದ ಏರ್‌ಬಿಎನ್‌ಬಿ ಎಂಬ ಕಂಪನಿಯ ಸ್ಥಾಪಕರು 2009ರಲ್ಲಿ ವ್ಯವಹಾರ ಸಾಗದೆ ಕಂಗೆಟ್ಟಾಗ, ನ್ಯೂಯಾರ್ಕಿಗೆ ತಾವೇ ಹೋಗಿ, ಮನೆ ಕೊಡುವವರನ್ನು ಒಬ್ಬೊಬ್ಬರನ್ನಾಗಿ ಕಂಡು, ಅವರ ಮನೆಗಳ ಛಾಯಾಚಿತ್ರಗಳನ್ನು ತಾವೇ ತೆಗೆದುಕೊಟ್ಟರು. ಯಜಮಾನನು ಮೊದಲು ತಾನೇ ಬಾಗಿಲು ತಟ್ಟಿರಬೇಕು. ಆಮೇಲೆ ಬರುವ ನೌಕರನಿಗೆ ಯಾವ ಬಾಗಿಲೆಂದು ತೋರಿಸಲು ಆಗ ಸಾಧ್ಯವಾಗುತ್ತದೆ.

ಈ ವಿಚಾರಗಳನ್ನೆಲ್ಲ ಮಾತನಾಡಿಕೊಂಡ ಮೇಲೆ ಸೋದರಳಿಯನೂ ಅವನ ಜೊತೆಗಾರನೂ ಎರಡು ತಿಂಗಳು ಬೇರೆ ಕೆಲಸ ಬದಿಗಿಟ್ಟು ಸಂಗ್ರಾಹಕರ ಜೊತೆಯಲ್ಲಿಯೇ ನಡೆದರು. ಒಂದು ದಿನ ಬಂಟ್ವಾಳದ ಕಡೆಗೆ ನಾವೂ ಹೋಗಿದ್ದೆವು. ಒಳನಾಡಿನಲ್ಲಿ ಫೋನಿನ ಸಂಕೇತ ಸಿಗದಿದ್ದಾಗ ಬರೆದ ಲೆಕ್ಕ ಅಳಿಸಿಹೋಗುತ್ತಿತ್ತು. ಅಂಗಡಿಯವರಿಗೆ ಫೋನಿನ ಸಂದೇಶ ಸಾಲದು, ಕೈಗೊಂದು ಚೀಟಿ ಬೇಕಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕಮಿಷನ್ನಿನ ಮೇಲೆ ದುಡಿಯುವ ವಯಸ್ಸಾದ ಸಂಗ್ರಾಹಕರೊಬ್ಬರು ಚಹಾ ಕುಡಿಯುತ್ತ ತಮ್ಮ ಭಯವನ್ನು ಹೇಳಿಕೊಂಡರು. ಸಂಜೆ ಪಡೆದ ಹಣವನ್ನು ಅವರು ಮರುದಿನ ಬೆಳಿಗ್ಗೆ ಸಂಘಕ್ಕೆ ಕಟ್ಟುವ ರೂಢಿ. ಈ ಯಂತ್ರವು ಪ್ರತಿಯೊಂದಕ್ಕೂ ಗಂಟೆ ನಿಮಿಷ ಬರೆದಿಡುವುದರಿಂದ ಇದು ತಮ್ಮನ್ನು ಕಳ್ಳರೆಂದು ಹಿಡಿಯಲು ಬಂದದ್ದೆಂದೇ ಅವರೆಲ್ಲ ನಂಬಿದ್ದರು. ಸಂಘದ ಸಭೆಗಳಲ್ಲಿ ‘ಇದು ಬೇಡ’ ಎನ್ನುತ್ತಿದ್ದವರು ಅವರೇ. ಫೇಸ್‌ಬುಕ್ಕಿನ ಯಾವ ಚಿತ್ರವೂ ಈ ಭಯವನ್ನು ಹೋಗಲಾಡಿಸುವಂತಿರಲಿಲ್ಲ. ವಸ್ತುವಿನಲ್ಲಿಯೇ ಇದ್ದ ಕೊರತೆಯನ್ನು ಮುಚ್ಚುವ ಭಾರವನ್ನು ಒಬ್ಬ ತರುಣನ ಹೆಗಲಿಗೆ ಹೊರಿಸಿ, ಅದು ಇಳಿಯಲಿಲ್ಲವೆಂದು ಅವನನ್ನೇ ಹೊರಗಟ್ಟಿದ್ದರು.

ತಂತ್ರಾಂಶವನ್ನು ತಿದ್ದಿದ ಮೇಲೆ ಇಬ್ಬರೂ ಮತ್ತೊಬ್ಬ ನೌಕರರನ್ನು ಹುಡುಕಲು ಹೊರಟರು. ಈ ಸಲ ನಾವು ಹೆಸರನ್ನು ಸೂಚಿಸಲಿಲ್ಲ. ಮೊದಲು ಅವರು ಒಂದು ಹಾಳೆಯ ಮೇಲೆ ಬರೆದರು: ಬರುವವರು ಮೊದಲ ಆರು ತಿಂಗಳಲ್ಲಿ ಯಾವ ಕೆಲಸ ಮಾಡಬೇಕು, ಯಾವುದನ್ನು ಮಾಡಬೇಕಾಗಿಲ್ಲ, ಸಂಬಳದ ಹೊರತಾಗಿ ಕೆಲಸದ ಖರ್ಚಿಗೆ ಎಷ್ಟು ಹಣ ಅವರ ಕೈಯಲ್ಲಿರುತ್ತದೆ, ಕೆಲಸ ಸರಿಯಾಗಿ ನಡೆದಿದೆಯೆಂದು ಯಾವುದರಿಂದ ಅಳೆಯಬೇಕು. ಈ ಹಾಳೆ ಬರೆಯಲು ಅವರಿಗೆ ನಾಲ್ಕು ದಿನ ಹಿಡಿಯಿತು. ಬಂದವರಲ್ಲಿ ದೊಡ್ಡ ಕಂಪನಿಯೊಂದರಲ್ಲಿ ಹತ್ತು ಜನರ ಮೇಲೆ ಅಧಿಕಾರ ನಡೆಸಿದವರೊಬ್ಬರಿದ್ದರು. ತಮ್ಮ ಕೈಕೆಳಗೆ ಎಷ್ಟು ಜನ ಎಂಬುದೇ ಅವರ ಮೊದಲ ಪ್ರಶ್ನೆ. ಅವರು ಅಸಮರ್ಥರಲ್ಲ, ಬೆಳೆದ ಮರಕ್ಕೆ ಬೇಕಾದ ಮಾಲಿ ಅವರು. ಸಸಿಗೆ ನೀರು ಹೊತ್ತು ತರುವವರು ಇಲ್ಲಿ ಬೇಕಾಗಿತ್ತು.

ಕೊನೆಗೆ ಉಳಿದ ಮೂವರಿಗೆ ಒಂದೊಂದು ಸಣ್ಣ ಕೆಲಸ ಕೊಟ್ಟು ಅದಕ್ಕೆ ಸಂಭಾವನೆಯನ್ನೂ ಕೊಟ್ಟರು: ಮೂವರು ಸಂಗ್ರಾಹಕರನ್ನು ಕಂಡು ಮಾತನಾಡಿ, ಕೇಳಿದ್ದನ್ನು ಒಂದು ಪುಟದಲ್ಲಿ ಬರೆದು ತರಬೇಕು. ಇಬ್ಬರು ಕಂಪನಿಯನ್ನು ಹೇಗೆ ಪ್ರಸಿದ್ಧಿಗೆ ತರಬಹುದೆಂಬ ಯೋಜನೆಯನ್ನು ಅಂದವಾಗಿ ಬರೆದು ತಂದರು. ಮೂರನೆಯವರು ಮೂವತ್ತು ದಾಟಿದ ಒಬ್ಬ ಗೃಹಿಣಿ. ಆರು ವರ್ಷ ಸಂಘವೊಂದರಲ್ಲಿ ಸ್ವತಃ ಪಿಗ್ಮಿ ಸಂಗ್ರಹಿಸಿ, ದೂರಶಿಕ್ಷಣದಲ್ಲಿ ಪದವಿ ಪಡೆದವರು. ತುಳು, ಕೊಂಕಣಿ, ಬ್ಯಾರಿ ಮೂರನ್ನೂ ಆಡಬಲ್ಲವರು. ಅವರ ಪುಟದಲ್ಲಿ ಕಂಪನಿಯ ಹೆಸರೇ ಇರಲಿಲ್ಲ. ಸಂಗ್ರಾಹಕರು ಆಡಿದ ಮಾತುಗಳು ಹಾಗೆಹಾಗೆಯೇ ಇದ್ದವು. ಕೆಳಗೆ ಒಂದು ಸಾಲು ತಮ್ಮದು: ಸಂಘದ ಕಾರ್ಯದರ್ಶಿಗಳಿಗಿಂತ ಮೊದಲು ಸಂಗ್ರಾಹಕರನ್ನೇ ಕರೆದು ಕಲಿಸಿರಿ, ಅವರು ಒಪ್ಪಿದರೆ ಸಂಘ ತಾನಾಗಿ ಒಪ್ಪುತ್ತದೆ.

2023ರ ಮುಂಗಾರಿನ ಆರಂಭದಲ್ಲಿ ಅವರು ಕೆಲಸಕ್ಕೆ ಸೇರಿದರು. ಸಂಬಳವು ಹೆಚ್ಚಿಗೆ ಕೊಡಲಾಗದಿದ್ದುದರಿಂದ ಕಂಪನಿಯ ಷೇರುಗಳನ್ನು ಮುಂದೆ ಪಡೆಯುವ ಹಕ್ಕನ್ನೂ ಬರೆದುಕೊಟ್ಟರು. ಈ ವಿಷಯದಲ್ಲಿ ಬಂಧುಗಳು ಒಂದು ಮಾತನ್ನು ನೆನಪಿಡಬೇಕು. ಇಂಥ ಹಕ್ಕು ಕೊಟ್ಟ ದಿನಕ್ಕೂ ಅದು ದಕ್ಕುವ ದಿನಕ್ಕೂ ನಡುವೆ ಕನಿಷ್ಠ 1 ವರ್ಷ ಕಳೆಯಬೇಕೆಂದು 2014ರ ಕಂಪನಿ ನಿಯಮಗಳು ವಿಧಿಸುತ್ತವೆ. ಸಾಮಾನ್ಯವಾಗಿ 4 ವರ್ಷಗಳಲ್ಲಿ ಹಂತಹಂತವಾಗಿ ದಕ್ಕುವಂತೆ ಬರೆಯುತ್ತಾರೆ. ಬಾಯಿಮಾತಿನ ಷೇರಿಗೆ ಬೆಲೆಯಿಲ್ಲ, ಕಾಗದದಲ್ಲಿರಬೇಕು. ಕಂಪನಿ ಬೆಳೆಯದಿದ್ದರೆ ಕಾಗದಕ್ಕೂ ಬೆಲೆಯಿಲ್ಲವೆಂಬ ಅರಿವೂ ಇರಬೇಕು.

ಆ ತಾಯಿ ಮೊದಲ ಎರಡು ತಿಂಗಳು ಯಾವ ಪ್ರಚಾರವನ್ನೂ ಮಾಡಲಿಲ್ಲ. ಶನಿವಾರಗಳಲ್ಲಿ ಸಂಗ್ರಾಹಕರನ್ನು ಹತ್ತು ಹನ್ನೆರಡು ಜನರಂತೆ ಕೂಡಿಸಿ, ತುಳುವಿನಲ್ಲಿಯೇ ಯಂತ್ರವನ್ನು ಕಲಿಸಿದರು. ಗಂಟೆ ನಿಮಿಷದ ದಾಖಲೆಯು ಲೆಕ್ಕ ತಪ್ಪಿದಾಗ ಅವರನ್ನೇ ಕಾಪಾಡುತ್ತದೆ ಎಂಬುದನ್ನು ತಮ್ಮದೇ ಹಳೆಯ ಅನುಭವದಿಂದ ತೋರಿಸಿಕೊಟ್ಟರು. ವಾರಕ್ಕೊಮ್ಮೆ ಯಜಮಾನರಿಬ್ಬರೂ ಅವರೆದುರು ಕುಳಿತು, ಕೇಳಿ ಬಂದ ದೂರುಗಳನ್ನು ಬರೆದುಕೊಳ್ಳುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಎಂಟಕ್ಕೆ ಇಳಿದಿದ್ದ ಸಂಘಗಳು ಇಪ್ಪತ್ತಾರಾದವು. ಇದು ದೊಡ್ಡ ಸಂಖ್ಯೆಯೆಂದು ನಾವು ಹೇಳುವುದಿಲ್ಲ. ಬಿಟ್ಟುಹೋಗಿದ್ದ ಸಂಘವು ಮರಳಿ ಬಂದುದೇ ನಮಗೆ ಹೆಚ್ಚು ಸಂತೋಷ ಕೊಟ್ಟಿತು.

ಇನ್ನು ಆ ಮೊದಲ ತರುಣನ ವಿಷಯ. ಸೋದರಳಿಯನನ್ನು ಕರೆದುಕೊಂಡು ನಾವು ಅವನ ಮನೆಗೆ ಹೋದೆವು. ‘ಕೆಲಸ ಯಾವುದೆಂದು ನಮಗೇ ತಿಳಿಯದೆ ನಿನ್ನನ್ನು ಕರೆದೆವು, ತಪ್ಪು ನಮ್ಮದು’ ಎಂದು ಸೋದರಳಿಯನು ಅವನ ತಂದೆತಾಯಿಗಳೆದುರಿನಲ್ಲಿಯೇ ಹೇಳಿದನು. ಮುಂದೆ ಎಲ್ಲಿಯಾದರೂ ತೋರಿಸಲು ಅವನು ಮಾಡಿದ ಕೆಲಸವನ್ನೆಲ್ಲ ವಿವರಿಸಿ ಒಂದು ಪತ್ರವನ್ನೂ ಬರೆದುಕೊಟ್ಟನು. ನಾವೂ ನಮ್ಮ ದುಡುಕನ್ನು ಒಪ್ಪಿಕೊಂಡೆವು. ಆ ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ‘ಯಾವ ಬಾಗಿಲೆಂದು ತೋರಿಸಿದ್ದರೆ ನಾನೂ ತಟ್ಟುತ್ತಿದ್ದೆ ಗುರುಗಳೇ. ನಾನೂ ಕೇಳಬೇಕಾಗಿತ್ತು, ಕೇಳಲಿಲ್ಲ’ ಎಂದನು. ಈಗ ಆತನು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾನೆ. ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಿನ ಅಧ್ಯಾಪಕನೆಂದು ಕೇಳಿ ತಿಳಿದಿದ್ದೇವೆ. ಅವನ ವಾಕ್ಶಕ್ತಿಗೆ ಅದು ತಕ್ಕ ಸ್ಥಾನ. ಅವನ ತಂದೆ ಮತ್ತೆ ನಮ್ಮ ಮನೆಗೆ ಬರುತ್ತಿದ್ದಾರೆ. ಆದರೂ ಆ ಆರು ತಿಂಗಳ ಮಾತು ಬಂದಾಗ ಇಬ್ಬರೂ ವಿಷಯ ಬದಲಿಸುತ್ತೇವೆ.

ಉದ್ಯಮ ಕಟ್ಟುವ ಮಕ್ಕಳಿರುವ ಮನೆಯ ಹಿರಿಯರಲ್ಲಿ ನಮ್ಮ ವಿನಂತಿಯಿಷ್ಟು. ‘ನಮ್ಮವರ ಹುಡುಗನಿದ್ದಾನೆ, ತೆಗೆದುಕೋ’ ಎನ್ನುವ ಮುನ್ನ, ‘ಕೆಲಸ ಯಾವುದೆಂದು ಬರೆದಿದ್ದೀಯಾ? ನೀನೇ ಅದನ್ನು ಕೆಲವು ದಿನ ಮಾಡಿ ನೋಡಿದ್ದೀಯಾ? ಬಂದವರ ಮಾತನ್ನು ವಾರಕ್ಕೊಮ್ಮೆ ಕುಳಿತು ಕೇಳುತ್ತೀಯಾ?’ ಎಂದು ಕೇಳಿರಿ. ಮಕ್ಕಳು ಅಂಥ ಕಂಪನಿಗೆ ಮೊದಲ ನೌಕರರಾಗಿ ಹೊರಟರೆ, ಅವರೂ ಈ ಪ್ರಶ್ನೆಗಳನ್ನೇ ಯಜಮಾನರಿಗೆ ಕೇಳುವಂತೆ ಧೈರ್ಯ ಹೇಳಿರಿ. ಕೇಳುವುದು ಅವಿನಯವಲ್ಲ. ಹತ್ತು ನಿಮಿಷದಲ್ಲಿ ಮುಗಿದುಹೋಗುವ ಮಾತಿನ ಹಿಂದೆ ಒಬ್ಬನ ಆರು ತಿಂಗಳ ಕಾಯಕವಿರುತ್ತದೆ, ಒಂದು ಮನೆಯ ಮರ್ಯಾದೆಯಿರುತ್ತದೆ. ಅದನ್ನು ಮರೆಯದವರು ಕಟ್ಟುವ ಉದ್ಯಮಗಳು ಬೆಳೆಯಲಿ, ನಾಲ್ಕು ಮನೆಗಳಿಗೆ ಅನ್ನವಾಗಲಿ ಎಂದು ಹಾರೈಸುತ್ತೇವೆ.